ಥಂಡೀ ಅರಬಿ

ದೀಪಾವಳಿ ಮುಗದ ಆರನೇ ದಿನ
ನಿಪ್ಪಾಣಿಗೆ ಥಂಡಿ ಬಂತು,
ಹೈವೇ ಕಡಿಂದ, ಲಾರಿಗೋಳ ಸಂಗಾಟ.
ಹಾಲಿನ ಭರಮಾ ಕಿವಿಗೆ ಮಫ್ಲರ್ ಸುತಗೊಂಡು
ಬಾಗಲದಾಗ ನಿಂತಾಗ
ನನಗ ಟ್ರಂಕಿನ ನೆನಪಾತು.

ಶಿವರಾತ್ರಿ ಮರುದಿನ ಅಟ್ಟಕ್ಕ ಏರಿಸಿದ್ದು.
ನಾನು ಕೆಳಗ, ಚಂಪಕ್ಕ ನಿಚ್ಚಣಕಿ ಮ್ಯಾಲ,
"ತಡಿಯ, ತಡಿ, ನನ್ನ ಬಳಿ ಒಡೀತಾವು" ಅನಕೋತ.

ಆಮ್ಯಾಲ ಬ್ಯಾಸಗಿ.
ಬ್ಯಾಸಗ್ಯಾಗ ಮನಿ ಪಾಲಾತು.

ಕೊಪ್ಪರಿಗಿ ಎರಡಿದ್ದುವು, ಒಂದೊಂದು.
ಲಟ್ಟಣಗಿ ಒಂದ. ಚೀಟಿ ಎತ್ತಿದ್ರು, ಆಕಿಗೆ ಹೋತು.
ಅರಬಿ ಒಣಹಾಕೂ ತಂತಿ ಇರೂ ಜಾಗಾ
ಅವರ ಕಡೆ ಬಂತು, ತಂತೀನೂ ಹೋತು.
ನೀರಿನ ಟಾಕಿಗೆ ಎರಡು ನಳ,
ಅಂಗಳದ ನಡಬರಕ ಎದಿಮಟ ಗ್ವಾಡಿ.
ಹಿರ್ಯಾರು ಎರಡೆರಡು ಕಪ್ಪು ಚಾ ಕುಡದು
ಎಲ್ಲಾ ಕಾಗದದಾಗ ಬರದ್ರು.

ಏಪ್ರಿಲ್ ಬಿಸಲಾಗ
ಸ್ವೆಟರ್ ಯಾರಿಗೆ ನೆನಪಿರತಾವ?

ಒಬ್ಬಾಕೀನ ಇಳಿಸೂದು ತ್ರಾಸಾತು.
ಮುಚ್ಚಳ ತಗದ್ನಿ.
ನಮ್ಮೂರಾಗ ಡಾಂಬರ ಗುಳಿಗಿ ಯಾರು ಕೊಳ್ಳತಾರ,
ಅರಬಿ ಪದರಿನಾಗ ತಂಬಾಕಿನ ಎಲಿ ಇಡೂದು.
ಎಲಿ ಪುಡಿಪುಡಿಯಾಗಿತ್ತು, ಘಾಟು ಮೂಗಿಗೆ ಹೊಡೀತು.
ಸೀನಿದ್ನಿ. ಮತ್ತೊಂದು. ಮತ್ತೊಂದು.
ಗ್ವಾಡಿ ಆಚೆ ಭಾಂಡಿ ತಿಕ್ಕೂ ಸಪ್ಪಳ ನಿಂತಿತು.
ಮತ್ತ ಚಾಲೂ ಆತು.

ಎಲ್ಲಾ ಮೂರು ಮಡಿಕಿ.
ನಾನು ನಾಕು ಮಡಿಕಿ ಹಾಕಾಕಿ.
ನಾ ಮಡಚಿದ್ದನ್ನ ಆಕಿ ಬಿಚ್ಚಿ ಮಡಚತಿದ್ದಳು,
ಹತ್ತು ವರ್ಷ, ಒಂದು ಮಾತೂ ಆಡದನ.
ನನಗ ಸಿಟ್ಟು ಬರತಿತ್ತು. ಈಗೂ ಬಂತು.

ಮಂಗ್ಯಾನ ಟೋಪಿ. ಆಕಿ ಮಗ ಸನ್ಮತಿದು,
ಅವನ ತಲಿ ದೊಡ್ಡದಾದ ಮ್ಯಾಲ ನನ್ನ ಮಗಳದು.
ಈಗ ಯಾರದು?
ಅತ್ತೀ ಶಾಲು. ತುದಿಗೊಂದು ಗಂಟು,
ಗಂಟಿನಾಗ ಐದು ರೂಪಾಯಿ ಬಿಲ್ಲಿ.
ಅತ್ತಿ ಹೋಗಿ ಮೂರು ಥಂಡಿ ಆತು,
ಗಂಟು ನಾವಿಬ್ಬರೂ ಬಿಚ್ಚಿಲ್ಲ.
ಗಂಡಸರ ಸ್ವೆಟರ್ ಎರಡು, ಎರಡೂ ಕಂದು.
ಬೆಳಗಾವ್ಯಾಗ ಟಿಬೇಟಿನವರ ಅಂಗಡ್ಯಾಗ
ಅಣ್ಣ ತಮ್ಮ ಒಂದ ದಿನ ಚೌಕಾಶಿ ಮಾಡಿ
ಜೋಡಿ ಅಂತ ಐವತ್ತು ಕಡಿಮಿ ಮಾಡಿಸಿದ್ದು.
ಎರಡಕ್ಕೂ ಬೀಡಿ ಸುಟ್ಟ ತೂತು.

ತಳದಾಗ ಕೌದಿ.
ಅತ್ತಿ ಹೊಲದದ್ದು, ಕಣ್ಣು ಮಂಜಾಗೂಕಿಂತ ಮೊದಲ.
ನನ್ನ ಹಳದಿ ಖಣ, ಆಕಿ ಇಳಕಲ್ ಸೀರಿ ಸೆರಗು,
ಮಾವನ ಧೋತರದ ಅಂಚು, ಕಿಟಕಿ ಪಡದಿ,
ಯಾವ ತುಂಡು ಎಲ್ಲಿ ಮುಗೀತದ
ಸೂಜಿಗೆ ಅಷ್ಟ ಗೊತ್ತು.
ಇದಕ್ಕ ಯಾವ ಹಿರ್ಯಾರ್ನ ಕರೀಲಿ?

ಕೌದಿಗೆ ಬಿಸಲು ಬೇಕು. ನನ್ನ ಕಡೆ ತಂತಿ ಇಲ್ಲ.
ಗ್ವಾಡಿ ಮ್ಯಾಲ ಒಗದ್ನಿ.
ಅರ್ಧ ಈ ಕಡೆ ಇಳೀತು, ಅರ್ಧ ಆ ಕಡೆ.
ಬ್ಯಾರೆ ಏನೂ ಮನಸಿನಾಗ ಇರಲಿಲ್ಲ, ಆಣಿ ಮಾಡತೇನಿ.

ಮಧ್ಯಾಹ್ನ ಕಣ್ಣು ಹತ್ತಿತ್ತು.
ಧಬ್. ಧಬ್.
ಆ ಕಡಿಂದ ಯಾರೋ ಕೌದಿ ಬಡೀತಿದ್ರು.
ಯಾರೋ ಅಂದ್ರ ಯಾರು, ಎರಡು ಏಟು, ಒಂದು ಉಸುರು,
ಆ ಲೆಕ್ಕ ನನಗ ಗೊತ್ತಿಲ್ಲೇನು.
ಧೂಳೆಲ್ಲಾ ನನ್ನ ಅಂಗಳಕ್ಕ.
ಜಗಳ ತಗೀಬೇಕಂತನ ಎದ್ದು ಹೋದ್ನಿ,
ಹೋಗಿ ಈ ಕಡಿ ತುದಿ ಜಗ್ಗಿ ಹಿಡದ್ನಿ.
ಹಿಡೀಲಿಲ್ಲಂದ್ರ ಜಾರತದ,
ಬಡಿಯೋರಿಗೆ ತ್ರಾಸು.

ಬಾಳೊತ್ತು ಬರೇ ಏಟು.
ಆಮ್ಯಾಲ, "ಹೊಸಾ ಎಲಿ ತಂದೀಯೇನ?"
"ಇಲ್ಲ" ಅಂದ್ನಿ.
"ಹೂಂ. ನಿನ್ನ ಕೈಯಾಗ ಸಿಕ್ರ ಹುಳಕ್ಕ ಹಬ್ಬ."
ಧಬ್.

ಸಂಜಿಕ ಕೌದಿ ಆ ಕಡೆ ಇಳೀತು.
ನಾ ಜಗ್ಗಲಿಲ್ಲ.

ರಾತ್ರಿ ಇವರಿಗೆ ಒಂದು ಸ್ವೆಟರ್ ಕೊಟ್ನಿ,
ಎರಡರಾಗ ಕೈಗೆ ಬಂದದ್ದು.
ಹಾಕ್ಕೊಂಡ್ರು. ತೋಳು ಬೆರಳು ಮುಚ್ಚಿದುವು.
"ಇದು ಅಣ್ಣಂದು" ಅಂದ್ರು,
ತೋಳು ಒಂದು ಸುತ್ತು ಮ್ಯಾಲ ಮಡಚಿ
ಊಟಕ್ಕ ಕೂತ್ರು.