ಹತ್ತು ಗ್ರಾಮಿನ ದಾರ

ದಾರದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಕರೆಂಟು ಹೋದಾಗಲೂ ಬೆರಳಿಗೆ ಸುತ್ತಿ ಹೇಳಬಲ್ಲೆ:
ಇದು ನಲವತ್ತು, ಇದು ಅರವತ್ತು,
ಇದು ರೇಷ್ಮೆಯ ಸೋಗು ಹಾಕಿದ ಪಾಲಿಯೆಸ್ಟರು.
ಆದರೆ ಮತ್ರಾದ ಕ್ಲಿನಿಕ್ಕಿನಲ್ಲಿ ಥುರಯ್ಯಾ ಎಂಬ ಹುಡುಗಿ
ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ ನೈಲಾನಿನ ಎಳೆಯನ್ನು
ನನ್ನ ಅಂಗಾಲಿಗೆ ಒತ್ತಿದಳಂತೆ,
ಅದು ಬಿಲ್ಲಿನ ಹಾಗೆ ಬಾಗುವ ತನಕ.
ನಾನು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದೆ,
ಯಾವಾಗ ಶುರು ಮಾಡುತ್ತಾಳೆ ಎಂದು.

ಹತ್ತು ಕಡೆ ಒತ್ತಿ ಮುಗಿದಿತ್ತು.
ಗೊತ್ತಾದದ್ದು ಎರಡು.

ಸುಳಿವು ಮೊದಲೇ ಇತ್ತು ಅನ್ನಿ.
ರಾತ್ರಿ ಹಿಮ್ಮಡಿಯಿಂದ ಮೇಲಕ್ಕೆ ಇರುವೆಸಾಲು,
ಹೊದಿಕೆ ತಾಗಿದರೆ ಉರಿ, ಬೆಳಗಾದರೆ ಬರೀ ಜೋಮು.
ಪೆಡಲು ಎಷ್ಟು ಒತ್ತಿದೆನೋ ಕಾಲಿಗೇ ತಿಳಿಯದೆ
ಯಾರದೋ ಮದುವೆಯ ದಿಶ್‌ದಾಶದ ತೋಳ ಮೇಲೆ
ಹೊಲಿಗೆ ಲಗಾಮಿಲ್ಲದೆ ಓಡಿತ್ತು.
ಒಂದು ಸಂಜೆ ಬಚ್ಚಲ ನೀರು ಕೆಂಪಾಯಿತು.
ಬೆಳಿಗ್ಗೆ ಕಳೆದುಹೋದ ಸೂಜಿ
ಇಡೀ ದಿನ ನನ್ನ ಜೊತೆಗೇ ನಡೆದಿತ್ತು.

ಕಾರ್ಡಿನಲ್ಲಿ ಹೆಸರು ಓದಿ ಅವಳಿಗೆ ನಗು.
ಬಚ್ಚ ದೇವಾಡಿಗ, ವಯಸ್ಸು ಐವತ್ತಾರು.
ಸೀರಿಯಲ್ಲುಗಳಿಂದ ಕಲಿತ ಹಿಂದಿ ಅವಳದು:
"ಐವತ್ತಾರಕ್ಕೂ ಬಚ್ಚಾ? ಸರಿ ಬಚ್ಚಾ,
ನಿಲ್ಲುವುದರಿಂದ ಶುರು ಮಾಡೋಣ.
ಹೋದ ನರ ಮರಳುತ್ತದೆ ಅಂತ ನಾನು ಹೇಳಲ್ಲ.
ನೆಲ ಎಲ್ಲಿದೆಯೆಂದು ಅಂಗಾಲು ಹೇಳದಿದ್ದರೆ
ಮೊಣಕಾಲು ಹೇಳಲಿ, ಸೊಂಟ ಹೇಳಲಿ, ಕಣ್ಣು ಹೇಳಲಿ.
ಬೀಳದಿದ್ದರೆ ಸಾಕು."

ಮಧ್ಯಾಹ್ನ ಒಂದಕ್ಕೆ ಶಟರು ಅರ್ಧ ಇಳಿಸುತ್ತೇನೆ.
ಕತ್ತರಿಸುವ ಮೇಜಿನ ಅಂಚು ಹಿಡಿದು
ಹಿಮ್ಮಡಿ ಎತ್ತುವುದು, ಇಳಿಸುವುದು, ಹತ್ತು ಸಲ.
ಕುರ್ಚಿಯಿಂದ ಕೈ ಊರದೆ ಏಳುವುದು
(ಮೊದಲ ವಾರ ಕುರ್ಚಿಯೂ ನನ್ನೊಂದಿಗೇ ಎದ್ದಿತ್ತು).
ಸಾಕ್ಸು ಹಾಕಿದ ಬೆರಳುಗಳಿಂದ
ನೆಲದ ಬಟ್ಟೆಚೂರನ್ನು ನನ್ನ ಕಡೆಗೆ ಎಳೆಯುವುದು;
ಬಂತೋ ಇಲ್ಲವೋ, ಬಗ್ಗಿ ನೋಡಿಯೇ ತಿಳಿಯಬೇಕು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು.
ಬಂಕಿನ ಹಾಸಿಗೆ ಐದೂಮುಕ್ಕಾಲು ಅಡಿ ಮಾರಾಯ್ರೆ,
ಮೀನಖಂಡ ಚಾಚಲು ಗೋಡೆಯೇ ಗತಿ.

ನಸುಕಿನಲ್ಲಿ ಕಾರ್ನೀಶಿನ ಉದ್ದಕ್ಕೆ ನಡಿಗೆ.
ಮೊದಲು ಬೂಟು ಬೋರಲು ಹಾಕಿ ಎರಡು ಸಲ ಕೊಡವಿ
ಒಳಗೆ ಕೈಯಿಟ್ಟು ತಡವಬೇಕು:
ಒಮ್ಮೆ ಗುಂಡಿ ಸಿಕ್ಕಿತು, ಒಮ್ಮೆ ನೂರು ಬೈಸಾದ ನೋಟು.
ಕಿಸೆಯಲ್ಲಿ ಎರಡು ಖರ್ಜೂರ, ಬಾಯಿಚಪಲಕ್ಕಲ್ಲ,
ಸಕ್ಕರೆ ದಿಢೀರನೆ ಇಳಿದು ಕೈ ನಡುಗಿದರೆ ಅಂತ.
ಮೀನು ಮಾರ್ಕೆಟ್ಟಿನ ಹತ್ತಿರ ನೆಲ ಒದ್ದೆ, ಅಲ್ಲಿ ನಿಧಾನ.
ಗಂಗೊಳ್ಳಿಯ ಮರಳಲ್ಲಿ ಬರಿಗಾಲಲ್ಲಿ ಏಡಿ ಅಟ್ಟಿದವನಿಗೆ
ಇಲ್ಲಿನ ಮರಳು ಬೂಟಿನ ಹೊರಗಿನ ಸುದ್ದಿ.

ರಾತ್ರಿ ಮೊಖ್ಲೇಸ್ ಮೊಬೈಲಿನ ಬೆಳಕು ಬಿಟ್ಟು
ನನ್ನ ಪಾದ ಮಡಿಲಲ್ಲಿಟ್ಟು ನೋಡುತ್ತಾನೆ,
ಬೆರಳ ಸಂದಿ, ಹಿಮ್ಮಡಿಯ ಬಿರುಕು, ಒಂದೊಂದೂ.
ವೀಸಾ ಮುಗಿದಾಗಲೂ ಯಾರ ಕಾಲೂ ಹಿಡಿಯದ ಆಸಾಮಿ.
ನನಗೆ ಅವನ ಕೈ ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತಾಗುವುದಿಲ್ಲ.
ಕೇಳಲು ನಾಚಿಕೆ.

ನಾಲ್ಕು ತಿಂಗಳ ಮೇಲೆ ಅದೇ ದಾರ, ಅದೇ ಹತ್ತು ಕಡೆ.
ಮತ್ತೆ ಎರಡೇ.
ಥುರಯ್ಯಾ ಬರೆದುಕೊಂಡು, "ಬಿದ್ದದ್ದು ಎಷ್ಟು ಸಲ?" ಅಂದಳು.
ನೆನಪು ಮಾಡಿಕೊಳ್ಳಬೇಕಾಯಿತು.
ರಂಜಾನಿಗೆ ಮುಂಚೆ ಒಮ್ಮೆ, ಮೆಟ್ಟಿಲಲ್ಲಿ.
ಆಮೇಲೆ ಇಲ್ಲ.

ನಿನ್ನೆ ಮಧ್ಯಾಹ್ನ ಒಂಟಿಕಾಲಲ್ಲಿ ನಿಂತಿದ್ದೆ,
ಒಂದು ಬೆರಳು ಮಾತ್ರ ಮೇಜಿನ ಮೇಲೆ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ,
ಮೊಖ್ಲೇಸ್ ಬಾಂಗ್ಲಾದಲ್ಲಿ ಎಣಿಸುತ್ತಿದ್ದ: ನೋಯ್, ದೋಶ್—
ಅರ್ಧ ಶಟರಿನ ಕೆಳಗಿಂದ ಬಗ್ಗಿ ಬಂದ ಗಿರಾಕಿಯೊಬ್ಬ
ಕೊಕ್ಕರೆಯನ್ನು ಕಂಡವನ ಹಾಗೆ ಸದ್ದಿಲ್ಲದೆ ನಿಂತ.
ಎಗಾರೋ, ಅಂದ ಮೊಖ್ಲೇಸ್.
ಕಾಲು ಇಳಿಸಿದೆ.
ಕಣ್ಣು ಹೇಳಿತು, ನೆಲ ಸಿಕ್ಕಿತು ಎಂದು.
"ಕತ್ತಿನ ಕುಚ್ಚು ಉದ್ದ ಬೇಕು," ಅಂದ ಅವನು,
"ಗುರುವಾರಕ್ಕೆ ಕೊಡಬಲ್ಲೆಯಾ?"