ಕೆಚ್ಚು

ಗುಳೇದಗುಡ್ಡದ ಓಣಿ. ನಡುಮಧ್ಯಾಹ್ನ.
ಕರೆಂಟ್ ಹೋಗಿ ಬಾಜೂ ಮನಿ ಮಗ್ಗ ಬಾಯಿ ಮುಚ್ಚಿತ್ತು.
ಹಳೇ ಹಾಸಿನ ತುದಿಗೆ ಹೊಸಾ ಹಾಸಿನ ತುದಿ
ಬೂದಿ ಬೆರಳಿಲೆ ಹೊಸಕೋತ ಕುಂತಿದ್ದೆ,
ಏಳನೂರಾ ಹನ್ನೊಂದು.

ಡಾಲ್ಡಾ ಡಬ್ಬಿಯ ಕಾಶಿಕಣಗಲದ ಮುಂದ
ಏನೋ ಬಂದು ನಿಂತಿತು. ನಿಂತಿತು ಅಂದರ
ಕಾಲೂರಲಿಲ್ಲ.
ರೆಕ್ಕಿ ಇದ್ದ ಕಡೆ ಬರೇ ಹೊಗಿ.
ಮೂತಿಯಿಂದ ಉದ್ದಾನ ಎಳಿಯೊಂದು ಬಿಚ್ಚಿ
ಹೂವಿನ ಸೂಜಿಗಣ್ಣಿಗೆ ಒಂದ ಸಲಕ್ಕ ಪೋಣಿಸಿತು.
ನನಗಾದರ ಚಾಳೀಸು ಬೇಕು, ಎಂಜಲು ಬೇಕು,
ಮೂರು ಸಲ ತಪ್ಪಬೇಕು.

"ಹಕ್ಕಿ ನೋಡೋ ಎಷ್ಟ್ ಸಣ್ಣದು" ಅಂದೆ.
"ಹಕ್ಕಿ ಅಲ್ಲ ಚಿಗವ್ವಾ, ಪತಂಗ" ಅಂದ ದಸ್ತಗೀರ,
ಏಳನೇತ್ತ, ಬಾಯಿತುಂಬ ಪೇರಲ.
ಪತಂಗಕ್ಕ ಈ ಬಿಸಿಲಾಗ ಏನು ಕೆಲಸ?
ದೀಪದ ಕತಿ ಇದಕ್ಕ ಯಾರೂ ಹೇಳಿಲ್ಲೇನು?
"ನಿನ್ನ ರೇಷ್ಮಿನೂ ಪತಂಗಂದ" ಅಂದ,
"ರೆಕ್ಕಿ ಮೂಡೂಕಿಂತ ಮೊದಲ ಕುದಸ್ತಾರ."

ಗೊತ್ತಿತ್ತು. ಗೊತ್ತಿಲ್ಲದ ಮಾತೇನಲ್ಲ.
ಮೂವತ್ತು ವರ್ಷ ಈ ಎಳಿ ಹಿಡದೀನಿ,
ಅದು ಹಾರಿದ್ದರ ಹೆಂಗ ಹಾರತಿತ್ತು
ಅಂತ ಕೇಳಿರಲಿಲ್ಲ, ಅಷ್ಟ.

ಆಮ್ಯಾಲೆ ಅದು ನನ್ನ ಕಡೇನ ಬಂತು.
ಕುಪ್ಪಸದ ಖಣದಾಗಿನ ಕೆಂಪು ಹೂವಿನ ಎದುರು
ಒಂದು ಗಳಿಗಿ ತೂಗಿತು.
ತೋಳಿಗೆ ಸಣ್ಣ ಗಾಳಿ.
ನಾನು ಉಸಿರು ಹಿಡದೆ. ಹೂ ನೇದಾಕಿ ನಾನಾ,
ಜೇನು ಎಲ್ಲಿಂದ ತರಲಿ?

ಗ್ವಾಡಿ ದಾಟಿ ಹೋತು.
ಕರೆಂಟ್ ಬಂತು, ಬಾಜೂ ಮನಿ ಮಗ್ಗ
ಖಟ್ ಖಟ್ ಶುರು ಮಾಡಿತು.
ಬೆರಳಿಗೆ ಮತ್ತ ಬೂದಿ ಹಚಗೊಂಡೆ.
ಏಳನೂರಾ ಹನ್ನೊಂದೋ, ಹನ್ನೆರಡೋ.
ದಸ್ತಗೀರಾ, ನೀ ಎಣಿಸಿದ್ದೇನು?