ನಲವತ್ತೆಂಟು ಹೆಜ್ಜೆ

ಎಂಬತ್ತೊಂಬತ್ತರ ಫೆಬ್ರುವರಿ. ಪೊನ್ನಂಪೇಟೆಯ ಲಾಡ್ಜಿನಲ್ಲಿ
ಮಂಚದ ಮೇಲೆ ಕೊಡಗನ್ನು ಹಾಸಿಕೊಂಡು ಕೂತಿದ್ದೆ.
ಹೈದರಾಬಾದಿನಿಂದ ಸುರುಳಿಯಲ್ಲಿ ಬಂದ ಚಿತ್ರ,
ನಮ್ಮದೇ ಉಪಗ್ರಹ ತೆಗೆದದ್ದು,
ಇನ್ನೂ ವರ್ಷ ತುಂಬದ ಕೂಸು.
ಹುಸಿಬಣ್ಣ. ಎಲೆ ಇದ್ದಲ್ಲೆಲ್ಲ ಕೆಂಪು.
ಕಾಡೂ ಕೆಂಪು, ತೋಟವೂ ಕೆಂಪು,
ಮರದಡಿ ಕಾಫಿ ಇಟ್ಟ ನಾಡಿನಲ್ಲಿ
ಯಾವುದು ಯಾವುದೆಂದು ಮೇಲಿನವನಿಗೆ ತಿಳಿಯದು.
ಅದಕ್ಕೇ ನನ್ನನ್ನು ಕಳಿಸಿದ್ದರು,
ಒಂದು ಟೇಪು, ಒಂದು ದಿಕ್ಸೂಚಿ, ನಮೂನೆಗಳ ಕಟ್ಟು ಕೊಟ್ಟು:
ಹೋಗು, ನಿಂತು ನೋಡು, ಬರೆ.

ಒಂದು ಚುಕ್ಕಿಯೆಂದರೆ ಮೂವತ್ತಾರು ಮೀಟರು.
ನನ್ನ ಕಾಲಿಗೆ ನಲವತ್ತೆಂಟು ಹೆಜ್ಜೆ.
ನಲವತ್ತೆಂಟು ಹೀಗೆ, ನಲವತ್ತೆಂಟು ಹಾಗೆ,
ಅಷ್ಟರೊಳಗಿನ ಮರ, ಹುತ್ತ, ಬಳ್ಳಿ, ನಾನು
ಎಲ್ಲ ಕಲಸಿ ಆಕಾಶಕ್ಕೆ ಒಂದೇ ಬಣ್ಣ.

ಐವತ್ತೇಳನೇ ಚುಕ್ಕಿ ಅಯ್ಯಪ್ಪನ ದೇವರಕಾಡು.
ತಕ್ಕರು ಪಳಂಗಪ್ಪ ಚಪ್ಪಲಿ ಬಿಡಿಸಿದರು,
ಟೇಪಿನ ತುದಿ ತಾವೇ ಹಿಡಿದರು.
ನಂದಿಮರದ ಬುಡದಲ್ಲಿ ಹರಕೆಯ ಮಣ್ಣಿನ ನಾಯಿಗಳು,
ಕಿವಿ ಮುರಿದವು, ಪಾಚಿ ಹಿಡಿದವು, ಮೊನ್ನೆ ಮೊನ್ನೆಯವು,
ಎಲ್ಲ ಒಂದೇ ಕಡೆ ಮುಖ ಮಾಡಿ.

"ಇವು ಕಾಣುತ್ತವಾ ಅದಕ್ಕೆ?"
ಒಂಬೈನೂರು ಕಿಲೋಮೀಟರಿನಿಂದ ನಾಯಿ ಸಣ್ಣದು, ಎಂದೆ.
"ಮತ್ತೇನು ಕಾಣುತ್ತದೆ?"
ಚಿತ್ರ ಬಿಚ್ಚಿದೆ. ಉಗುರಿನಷ್ಟು ಕೆಂಪು.
"ಕಾಡು ಅಂತಲಾ?"
ದಟ್ಟ ಕಾಡು ಅಂತ.
ಅವರು ಬಹಳ ಹೊತ್ತು ಅದನ್ನೇ ನೋಡಿದರು,
ಸಾಲ ತೀರಿದ ಚೀಟಿ ನೋಡುವ ಹಾಗೆ.

ಮೂವತ್ತೊಂದನೇ ಹೆಜ್ಜೆಗೆ ಮೊಣಕಾಲಿಗೆ ಗಿಡ ತಗುಲಿತು.
ರೊಬಸ್ಟಾ. ಸಾಲು ಹಿಡಿದು ನೆಟ್ಟದ್ದು, ನಾಲ್ಕು ವರ್ಷದ್ದು,
ಬೇಲಿಯಾಚೆಯಿಂದ ಮೆಲ್ಲಗೆ ಒಳಗೆ ನಡೆದು ಬಂದದ್ದು.
ಬೇಲಿ ಯಾರದೆಂದು ನಾನು ಕೇಳಲಿಲ್ಲ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.

ನಮೂನೆಯ ಕೊನೆಯ ಕಾಲಂ: ನೆಲದ ನಿಜ.
ಪಳಂಗಪ್ಪ ಟೇಪು ಸುತ್ತಿಕೊಳ್ಳುತ್ತ ಹತ್ತಿರ ಬಂದರು.
"ಅಷ್ಟು ಮೇಲಿರುವವನ ಕಣ್ಣು ತಪ್ಪಿಸಬಹುದು.
ಈ ನಾಯಿಗಳು ಇಲ್ಲೇ ಇರುತ್ತವಲ್ಲ.
ಕಾಫಿ ಅಂತ ಬರಿ. ನನ್ನ ತಮ್ಮನದು.
ಅಲ್ಲ, ನನ್ನದೇ."

ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.
ಆಮೇಲೆ ಹೈದರಾಬಾದಿನಲ್ಲಿ ತಾಳೆ ನೋಡಿದವರು
ಆ ಚುಕ್ಕಿಯನ್ನು ತಪ್ಪುಗಳ ಮನೆಗೆ ಹಾಕಿದರು:
ಓದಿದ್ದು ಕಾಡು, ಇದ್ದದ್ದು ಕಾಫಿ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಹತ್ತೂವರೆಗೆ
ಉಪಗ್ರಹ ಅದೇ ದಾರಿಯಲ್ಲಿ ಮತ್ತೆ ಬಂತು.
ಹೂಮಳೆಯ ಮೋಡ. ಚಿತ್ರದ ತುಂಬ ಬರೀ ಬಿಳಿ.
ಅದರಡಿಯಲ್ಲಿ ಪಳಂಗಪ್ಪ ಗಿಡ ಕೀಳುತ್ತಿದ್ದರೋ,
ಹೂವಿಗೆ ಕಾಯುತ್ತಿದ್ದರೋ.